ದೇವನಾಗರಿಯಿಂದ ಕನ್ನಡದ ಓದಿಗೆ: ಬಿಬವೇವಾಡಿಯ ಹಿರಿಯ ಪ್ರಾಥಮಿಕ ಮಕ್ಕಳಿಗೆ ಸಾಹಿತ್ಯ ಬೋಧನೆ

ಪುಣೆಯ ಮಾರ್ಕೆಟ್ ಯಾರ್ಡಿನಿಂದ ಬಿಬವೇವಾಡಿ, ಅಪ್ಪರ್ ಇಂದಿರಾನಗರಗಳ ಕಡೆ ಹೊರಟರೆ ವಿಜಯಪುರ, ಕಲಬುರಗಿ, ಅಕ್ಕಲಕೋಟೆ ಸೀಮೆಯ ಕನ್ನಡ ಕಿವಿಗೆ ಬೀಳುತ್ತದೆ. ಹಮಾಲಿ, ಕಟ್ಟಡ ಕೆಲಸ, ಕಾಯಿಪಲ್ಲೆ ವ್ಯಾಪಾರ ನಂಬಿ ಬಂದ ಮನೆಗಳಲ್ಲಿ ಆಡುವ ಮಾತು ಕನ್ನಡ; ಮಕ್ಕಳ ಶಾಲೆ ಬಹುತೇಕ ಮರಾಠಿಯದು, ಇಲ್ಲವೆ ಇಂಗ್ಲಿಷಿನದು. ಆರರಿಂದ ಎಂಟನೇ ತರಗತಿಯ ಇಂಥ ಮಗು ಕನ್ನಡದಲ್ಲಿ ಕಥೆ ಹೇಳಬಲ್ಲದು, ಕನ್ನಡದ ಕಥೆ ಓದಲಾರದು. ಅದನ್ನು ಒಂದನೇ ತರಗತಿಯ ಅಕ್ಷರಮಾಲೆಗೆ ಹಿಂದಕ್ಕೆ ಕಳಿಸುವುದು ತಪ್ಪು ದಾರಿ ಎಂಬುದು ಈ ಲೇಖನದ ವಾದ. ಮಗುವಿಗೆ ಆಗಲೇ ಬರುವ ದೇವನಾಗರಿ ಓದು ಮತ್ತು ಕಿವಿಯಲ್ಲಿ ನೆಲೆಸಿರುವ ಕನ್ನಡ, ಇವೆರಡನ್ನೂ ಬಂಡವಾಳ ಮಾಡಿಕೊಂಡು ವಯಸ್ಸಿಗೆ ತಕ್ಕ ಸಾಹಿತ್ಯವನ್ನು ಮೊದಲ ವಾರದಿಂದಲೇ ಕೊಡಬೇಕು.

ಅಕ್ಷರ ಪೂರ್ತಿ ಬಂದ ಮೇಲೆ ಸಾಹಿತ್ಯ ಎಂಬ ಸರದಿಯನ್ನು ಕನ್ನಡ ಲಿಪಿಯ ಸ್ವಭಾವವೇ ಒಪ್ಪುವುದಿಲ್ಲ. ಕನ್ನಡ ಮಾಧ್ಯಮದ ಮಕ್ಕಳನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಗುಣಿತ ಮತ್ತು ಒತ್ತಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ತೋರಿಸಿತು. ಕಲಿಯಬೇಕಾದ ಅಕ್ಷರರೂಪಗಳೇ 400ಕ್ಕೂ ಹೆಚ್ಚು. ಗ್ರಾಮೀಣ ಭಾರತದ ‘ಅಸರ್’ ಸಮೀಕ್ಷೆಯ 2022ರ ವರದಿಯ ಪ್ರಕಾರ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲ ಎಂಟನೇ ತರಗತಿಯ ಮಕ್ಕಳು ಶೇ. 69.6 ಮಾತ್ರ. ಲಿಪಿ ಪಳಗುವವರೆಗೆ ಕಥೆ ಕಾಯಬೇಕೆಂದರೆ ಎಷ್ಟೋ ಮಕ್ಕಳ ಶಾಲೆಯೇ ಮುಗಿದುಹೋಗುತ್ತದೆ.

ಬಿಬವೇವಾಡಿಯ ಮಗುವಿಗೆ ಒಂದು ಅನುಕೂಲವಿದೆ. ಮಹಾರಾಷ್ಟ್ರದ 2020ರ ಕಾಯ್ದೆ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿಯನ್ನು ಕಡ್ಡಾಯಗೊಳಿಸಿರುವುದರಿಂದ ಇಂಗ್ಲಿಷ್ ಶಾಲೆಯ ಮಗುವಿಗೂ ದೇವನಾಗರಿ ಪರಿಚಿತ. ವರ್ಗೀಯ ವ್ಯಂಜನಗಳ ಕ್ರಮ, ಕಾಗುಣಿತದ ತತ್ವ, ಮರಾಠಿಯಲ್ಲೂ ಇರುವ ಳಕಾರ, ಇವನ್ನೆಲ್ಲ ಹೊಸದಾಗಿ ಕಲಿಸಬೇಕಾಗಿಲ್ಲ. ಆಕಾರಗಳನ್ನು ಎದುರುಬದುರು ಇಟ್ಟು ತೋರಿಸಿದರೆ ಸಾಕು. ಶಿಕ್ಷಕರ ಸಮಯ ಖರ್ಚಾಗಬೇಕಾದದ್ದು ಎರಡು ಲಿಪಿಗಳು ಬೇರೆಯಾಗುವ ಜಾಗಗಳಲ್ಲಿ.

‘ಆಸ್ತಿ’ ಎಂಬ ಪದವನ್ನೇ ನೋಡಿ. ಕನ್ನಡದಲ್ಲಿ ಇಕಾರದ ಗುಡಿಸು ಮೇಲಿನ ಸಕಾರಕ್ಕೆ ಅಂಟಿಕೊಂಡಿದೆ, ತಕಾರ ಕೆಳಗೆ ಒತ್ತಾಗಿ ಕೂತಿದೆ. ಅರ್ಧ ಸಕಾರ ಬರೆದು ಅದರ ಪಕ್ಕದ ತಕಾರಕ್ಕೆ ಈಕಾರ ಹಚ್ಚಿ ರೂಢಿಯಾದ ಮಗು ಇದನ್ನು ‘ಆಸಿತ’ ಎಂದು ಓದಿಬಿಡಬಹುದು. ಇದು ದಡ್ಡತನವಲ್ಲ, ಕಣ್ಣಿಗೆ ಕಂಡ ಕ್ರಮವನ್ನು ನಿಷ್ಠೆಯಿಂದ ಪಾಲಿಸಿದ ಓದು. ಮರಾಠಿಯಲ್ಲಿ ಪದದ ಕೊನೆಯ ಅಕಾರ ಉಚ್ಚಾರದಲ್ಲಿ ಬಿದ್ದುಹೋಗುವುದರಿಂದ ‘ಮರ’ ಎಂಬುದು ‘ಮರ್’ ಆಗಬಹುದು. ಹ್ರಸ್ವ ಎ, ಒ ಗಳಿಗೆ ಮರಾಠಿ ಬರವಣಿಗೆಯಲ್ಲಿ ಪ್ರತ್ಯೇಕ ಗುರುತಿಲ್ಲ. ಹಾಗಾಗಿ ‘ಬೆಳೆ’ಯೂ ‘ಬೇಳೆ’ಯೂ ಕಣ್ಣಿಗೆ ಒಂದೇ. ಇಲ್ಲಿ ಪದಪಟ್ಟಿಯ ಬಾಯಿಪಾಠಕ್ಕಿಂತ ವಾಕ್ಯವೇ ಒಳ್ಳೆಯ ಗುರು. ‘ಬೆಳೆ ಒಣಗಿತು, ಬೇಳೆ ತುಟ್ಟಿಯಾಯಿತು’ ಎಂಬ ಸಾಲನ್ನು ತಪ್ಪಾಗಿ ಓದಿದ ಮಗುವಿಗೆ ಅರ್ಥ ಕೂಡುವುದಿಲ್ಲ. ಮನೆಯಲ್ಲಿ ದಿನವೂ ಕೇಳಿದ ಕನ್ನಡ ಅದನ್ನು ತಡೆದು ನಿಲ್ಲಿಸುತ್ತದೆ, ಮಗು ಹಿಂದಿರುಗಿ ತಾನೇ ತಿದ್ದಿಕೊಳ್ಳುತ್ತದೆ. ಓದಿನ ಕೌಶಲ ಎಂದು ನಾವು ಕರೆಯುವುದರ ತಿರುಳು ಈ ಹಿಂದಿರುಗುವಿಕೆಯಲ್ಲಿದೆ ಎಂದು ನಾನು ನಂಬಿದ್ದೇನೆ.

ಆದರೆ ಮನೆಯ ಕನ್ನಡ ‘ಬರ್ತಾನ’, ‘ಹೋಗ್ಯಾನ’ ಎನ್ನುತ್ತದೆ; ಪುಸ್ತಕ ‘ಬರುತ್ತಾನೆ’, ‘ಹೋಗಿದ್ದಾನೆ’ ಎನ್ನುತ್ತದೆ. ಮೊದಲ ತಿಂಗಳುಗಳಲ್ಲಿ ಮಗು ಗ್ರಂಥರೂಪವನ್ನು ಮನೆಮಾತಿನಲ್ಲಿ ಹೇಳಿದರೆ ಅದನ್ನು ತಪ್ಪೆಂದು ಗೆರೆ ಎಳೆಯಬಾರದು, ಅರ್ಥವಾಗಿದೆ ಎಂಬುದಕ್ಕೆ ಅದೇ ಪುರಾವೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ದ. ರಾ. ಬೇಂದ್ರೆ ಧಾರವಾಡದ ಆಡುಮಾತಿನಲ್ಲೇ ಮಹತ್ವದ ಕಾವ್ಯ ಬರೆದರು. ಅವರ ಕವಿತೆಗಳನ್ನು ಗಟ್ಟಿಯಾಗಿ ಓದಿಸಿದರೆ ತನ್ನ ಮನೆಯ ಮಾತೂ ಅಚ್ಚಿಗೆ ಸಲ್ಲುತ್ತದೆ ಎಂದು ಮಗುವಿಗೆ ತಿಳಿಯುತ್ತದೆ. ಆ ಧೈರ್ಯ ಬಾರದೆ ಮುಂದಿನ ಓದಿಲ್ಲ.

ತರಗತಿಯ ವಿಧಾನಕ್ಕೆ ನಮ್ಮ ಗಮಕ ಪರಂಪರೆ ಹತ್ತಿರದ ಮಾದರಿ. ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ಲಿಪಿ ಬಾರದ ಕೇಳುಗರೂ ಶತಮಾನಗಳ ಕಾಲ ಕುಮಾರವ್ಯಾಸನನ್ನು ಸವಿದದ್ದು ಹೀಗೆ. ಅಮೆರಿಕದಲ್ಲಿ ಪಾಲಿಂಕ್ಸರ್ ಮತ್ತು ಬ್ರೌನ್ ಏಳನೇ ತರಗತಿಯ ದುರ್ಬಲ ಓದುಗರೊಂದಿಗೆ ನಡೆಸಿ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಕ್ಕಳು ಸರದಿಯ ಮೇಲೆ ಶಿಕ್ಷಕರ ಪಾತ್ರ ವಹಿಸಿ ಪ್ರಶ್ನೆ ಕೇಳಿದರು, ಸಾರ ಹೇಳಿದರು, ತೊಡಕು ಬಿಡಿಸಿದರು, ಮುಂದೇನಾದೀತೆಂದು ಊಹಿಸಿದರು. ಗಮಕದಲ್ಲಿ ಪಾತ್ರಗಳು ಸ್ಥಿರ, ಇಲ್ಲಿ ಅದಲುಬದಲು. ಎರಡನ್ನೂ ಕೂಡಿಸಿ, ಚೆನ್ನಾಗಿ ಓದುವ ಮಗು ವಾಚಿಸಲಿ, ಓದಲು ತಡವರಿಸಿದರೂ ಕನ್ನಡ ಚೆನ್ನಾಗಿ ಬಲ್ಲ ಮಗು ವ್ಯಾಖ್ಯಾನಿಸಲಿ. ಮರುವಾರ ಜಾಗ ಬದಲಾಗಲಿ.

ಪಠ್ಯದ ಆಯ್ಕೆ ಇಲ್ಲಿ ನಿರ್ಣಾಯಕ. ಹದಿಮೂರರ ಹುಡುಗಿಯ ಕೈಗೆ ಶಿಶುಗೀತೆ ಕೊಟ್ಟರೆ ಅವಳಿಗೆ ಅವಮಾನ. ನಾ. ಡಿಸೋಜ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ 2011ರ ಬಾಲಸಾಹಿತ್ಯ ಪುರಸ್ಕಾರ ತಂದ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಯನ್ನು ಕಂತುಕಂತಾಗಿ ಓದಬಹುದು. ಮುಳುಗಡೆ ಪುಣೆಗೂ ಹೊಸದಲ್ಲ: 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪುಣೆಗೆ ನುಗ್ಗಿದ ನೆನಪು ಈ ನಗರದ ಹಿರಿಯರಲ್ಲಿ ಇನ್ನೂ ಇದೆ. ನೆರೆಯ ಮರಾಠಿ ಅಜ್ಜಿಯಿಂದ ಅದನ್ನು ಕೇಳಿ ಬಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ ಮಗುವಿಗೆ ಮುಳುಗಡೆ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

1967ರಲ್ಲಿ ಸ್ಥಾಪನೆಯಾದ, ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಇರುವುದೂ ಪುಣೆಯಲ್ಲೇ; ಮರಾಠಿಯ ಜೊತೆ ಕನ್ನಡದಲ್ಲೂ ಅದು ಪಠ್ಯಪುಸ್ತಕ ಹೊರತರುತ್ತದೆ. ಆ ಪುಸ್ತಕಗಳು ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಿಗೆ ಹೊಂದುತ್ತವೆ, ಒಂದನೇ ತರಗತಿಯಿಂದಲೇ ಕನ್ನಡ ಓದಿದವರಿಗಾಗಿ ಬರೆದವು. ಮರಾಠಿ ಓದಬಲ್ಲ ಹನ್ನೆರಡರ ಮಗುವಿಗಾಗಿ ಬೇಕಾದದ್ದು ತೆಳ್ಳನೆಯ ಒಂದು ಸೇತುಪುಸ್ತಕ: ಮೊದಲ ಕೆಲವು ಪುಟಗಳಲ್ಲಿ ಎರಡೂ ಲಿಪಿಗಳ ಹೋಲಿಕೆ, ಒತ್ತಕ್ಷರಕ್ಕೂ ಹ್ರಸ್ವ ಎ, ಒ ಗಳಿಗೂ ಧಾರಾಳ ಜಾಗ, ಉಳಿದದ್ದೆಲ್ಲ ಕಥೆ ಮತ್ತು ಕವಿತೆ. ಅದನ್ನು ಕನ್ನಡ ಬಲ್ಲ ಪೋಷಕರು ಸಂಜೆ ಮನೆಯಲ್ಲಿ, ಸ್ವಯಂಸೇವಕರು ಭಾನುವಾರದ ತರಗತಿಯಲ್ಲಿ ಬಳಸುವಂತಿರಬೇಕು. ಬೋಧನೆಯ ಸೂಚನೆಗಳನ್ನು ಎರಡೂ ಭಾಷೆಗಳಲ್ಲಿ ಅಚ್ಚು ಮಾಡಬೇಕು.