ಕಡತ ತೋರಿಸುವವನಿಗೂ ಜಾಗ ಬೇಕು



ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ನನ್ನ ಹಳೆಯ ಕಂಪ್ಯೂಟರು ಏದುಸಿರು ಬಿಡುತ್ತಿರುವುದನ್ನು ಕಂಡು, "ಸರ್, ಬೇರೊಂದು ಫೈಲ್ ಮ್ಯಾನೇಜರ್ ಹಾಕಿಕೊಳ್ಳಿ, ಯಂತ್ರ ಹಗುರವಾಗುತ್ತದೆ" ಎಂದ. ಆ ಮಾತಿನಲ್ಲಿ ಸತ್ಯ ಎಷ್ಟು ಎಂಬುದನ್ನು ತಿಳಿಯಲು ಸುಮಾರು ನಲವತ್ತು ವರ್ಷಗಳ ಇತಿಹಾಸವನ್ನು ನೋಡಬೇಕಾಗುತ್ತದೆ.

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಡಾಸ್ ಕಾರ್ಯಕ್ರಮಗಳಿಗೆ ದೊರೆಯುತ್ತಿದ್ದ ಸ್ಮೃತಿ ಹೆಚ್ಚೆಂದರೆ 640 ಕಿಲೋಬೈಟ್. ಒಂದು ಕಡತವನ್ನು ನಕಲು ಮಾಡಬೇಕಾದರೂ ಆಜ್ಞೆಯನ್ನು ಅಕ್ಷರಶಃ ಟೈಪಿಸಬೇಕಿತ್ತು. ಈ ಶ್ರಮವನ್ನು ತಪ್ಪಿಸಲು 1985ರಲ್ಲಿ ಎಕ್ಸ್‌ಟ್ರೀ, 1986ರಲ್ಲಿ ಜಾನ್ ಸೋಚಾ ರಚಿಸಿದ ನಾರ್ಟನ್ ಕಮಾಂಡರ್ ಬಂದವು. ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ. ಎಫ್5 ಒತ್ತಿದರೆ ಕಡತ ಅಲ್ಲಿಂದ ಇಲ್ಲಿಗೆ ನಕಲಾಗುತ್ತಿತ್ತು.

ಆದರೆ ಈ ಸೌಕರ್ಯ ಪುಕ್ಕಟೆಯಾಗಿರಲಿಲ್ಲ. ಅದರೊಳಗಿನಿಂದ ಇನ್ನೊಂದು ಕಾರ್ಯಕ್ರಮವನ್ನು ಆರಂಭಿಸಿದಾಗ, ಹಿಂತಿರುಗುವ ದಾರಿ ಕಾಯಲು ಅದರ ಒಂದು ಭಾಗ ಸ್ಮೃತಿಯಲ್ಲಿಯೇ ಉಳಿಯಬೇಕಿತ್ತು. ಆ ಕಾಲದ ತಂತ್ರಜ್ಞರು ಆ ಭಾಗವನ್ನು ಆದಷ್ಟು ಚಿಕ್ಕದಾಗಿಸಿ, ಉಳಿದುದನ್ನು ಬೇಕಾದಾಗ ಡಿಸ್ಕಿನಿಂದ ಮತ್ತೆ ಓದಿಕೊಳ್ಳುವಂತೆ ಬರೆಯುತ್ತಿದ್ದರು. ಅತಿಥಿ ಬಂದಾಗ ಮನೆಯವರು ಮೂಲೆಗೆ ಸರಿದು ಕೂರುವ ರೀತಿ ಅದು.

ಅದರ ಬಿಸಿ ನನಗೂ ತಟ್ಟಿತ್ತು. ತೊಂಬತ್ತರ ದಶಕದ ಒಂದು ಸಂಜೆ, ಮರುದಿನ ಬೆಳಿಗ್ಗೆಯೇ ಒಪ್ಪಿಸಬೇಕಿದ್ದ ಅಂಕಪಟ್ಟಿಯನ್ನು ಮುದ್ರಿಸಲು ಕುಳಿತಿದ್ದೆ. ಸ್ಮೃತಿ ಸಾಲದೆಂದು ಅಂಕಪಟ್ಟಿಯ ಕಾರ್ಯಕ್ರಮ ಮೊಂಡು ಹಿಡಿಯಿತು. ಯಂತ್ರವೇ ಕೆಟ್ಟಿತೆಂದು ಹೆದರಿದೆ. ಕೊನೆಗೆ, ಯಾವಾಗಲೂ ತೆರೆದಿಡುತ್ತಿದ್ದ ಕಡತ ನಿರ್ವಾಹಕವನ್ನು ಮುಚ್ಚಿ, ಆಜ್ಞೆಯನ್ನು ನೇರವಾಗಿ ಟೈಪಿಸಿದೆ. ಕಾರ್ಯಕ್ರಮ ಓಡಿತು! ನೆರವಿಗಿದ್ದವನೇ ಬಾಗಿಲಿಗೆ ಅಡ್ಡ ನಿಂತಿದ್ದನೆಂದು ಅಂದು ಅರಿತೆ.

ವಿಂಡೋಸ್ ಕಾಲದಲ್ಲಿ ಲೆಕ್ಕವೇ ಬದಲಾಯಿತು. 1990ರ ವಿಂಡೋಸ್ 3.0ರಲ್ಲಿ ಫೈಲ್ ಮ್ಯಾನೇಜರ್ ಪ್ರತ್ಯೇಕ ಕಾರ್ಯಕ್ರಮವಾಗಿತ್ತು. 1995ರಲ್ಲಿ ವಿಂಡೋಸ್ 95ರ ಎಕ್ಸ್‌ಪ್ಲೋರರ್ ಬಂದಾಗ ಕಡತ ತೋರಿಸುವವನೇ ಡೆಸ್ಕ್‌ಟಾಪ್ ಮತ್ತು ಟಾಸ್ಕ್‌ಬಾರ್‌ಗಳ ಯಜಮಾನನೂ ಆದ. 1993ರಿಂದ ಇದ್ದ ವಿಂಡೋಸ್ ಕಮಾಂಡರ್ (2002ರಿಂದ ಟೋಟಲ್ ಕಮಾಂಡರ್), 1996ರಲ್ಲಿ ಬಂದ ಫಾರ್ ಮುಂತಾದವುಗಳನ್ನು ನಾವು ಹಾಕಿಕೊಂಡರೂ ಎಕ್ಸ್‌ಪ್ಲೋರರ್ ಮನೆ ಬಿಟ್ಟು ಹೋಗುವುದಿಲ್ಲ. ಹಳೆಯ ಅಡುಗೆಯವನನ್ನು ಉಳಿಸಿಕೊಂಡು ಹೊಸಬನನ್ನೂ ನೇಮಿಸಿದಂತೆ. ಸ್ಮೃತಿಯ ಖರ್ಚು ಅಷ್ಟರಮಟ್ಟಿಗೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಹಾಗಾದರೆ ಲಾಭವೇ ಇಲ್ಲವೇ? ಇದೆ. ಕಡತಗಳ ಹೆಸರು, ಗಾತ್ರ, ದಿನಾಂಕಗಳನ್ನಷ್ಟೇ ತೋರಿಸಲು ಹೆಚ್ಚು ಕೆಲಸವಿಲ್ಲ. ಪ್ರತಿಯೊಂದು ಛಾಯಾಚಿತ್ರದ ಕಿರುಚಿತ್ರ ತೋರಿಸಬೇಕಾದರೆ ಮೊದಲ ಸಲವಾದರೂ ಒಂದೊಂದು ಕಡತವನ್ನೂ ತೆರೆದು ಓದಬೇಕು. ಸೂಚೀಪತ್ರ ಕೊಡುವ ಗ್ರಂಥಪಾಲಕನಿಗೂ ಪ್ರತಿ ಪುಸ್ತಕದ ಮುಖಪುಟ ಬಿಡಿಸಿ ತೋರಿಸುವವನಿಗೂ ಇರುವ ವ್ಯತ್ಯಾಸವಿದು. ಆದರೆ ಒಂದು ದೊಡ್ಡ ಕಡತವನ್ನು ಪೆನ್‌ಡ್ರೈವಿಗೆ ನಕಲಿಸುವಾಗ ವೇಗವನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಪೆನ್‌ಡ್ರೈವೇ. ಆಜ್ಞೆ ಕೊಟ್ಟವನು ಬದಲಾದ ಮಾತ್ರಕ್ಕೆ ಎತ್ತು ವೇಗವಾಗಿ ನಡೆಯುವುದಿಲ್ಲ.

ಶಿಷ್ಯನ ಮಾತಿನಂತೆ ಹಾಕಿ ನೋಡಿದೆ. ನಿಮ್ಮೆಲ್ಲರ ಶಾಲಾ ದಿನಗಳ ಚಿತ್ರಗಳಿರುವ ಫೋಲ್ಡರ್ ಈಗ ಥಟ್ಟನೆ ತೆರೆಯುತ್ತದೆ. ಉಳಿದ ಕೆಲಸಗಳು ಮೊದಲಿನಷ್ಟೇ ನಿಧಾನ. ಆಮೇಲೆ ಹಳೆಯ ನಿರ್ವಾಹಕದಲ್ಲಿಯೇ ಕಿರುಚಿತ್ರಗಳನ್ನು ನಿಲ್ಲಿಸಿ ಪಟ್ಟಿಯಾಗಿ ನೋಡಿದೆ. ಫೋಲ್ಡರ್ ಆಗಲೂ ಬೇಗನೆ ತೆರೆಯಿತು!

ಯಂತ್ರ ಬಳಲುವುದು ನಾವು ಕೇಳಿದ ಕೆಲಸಕ್ಕಿಂತ ಹೆಚ್ಚಾಗಿ, ಕೇಳದೆಯೇ ನಡೆಯುವ ಉಪಚಾರದಿಂದ. ಹೊಸ ನಿರ್ವಾಹಕವನ್ನು ತರುವ ಮೊದಲು, ಇರುವವನು ಮಾಡುತ್ತಿರುವ ಅನಗತ್ಯ ಕೆಲಸಗಳಲ್ಲಿ ಒಂದೆರಡನ್ನು ನಿಲ್ಲಿಸಿ ನೋಡಿ. ನಿಮ್ಮ ಅನುಭವವನ್ನು ನನಗೂ ಬರೆದು ತಿಳಿಸಿ.