ಬೆಳಚು, ಬೆಕ್ಕು ಮತ್ತು ಬಿಲ್ಲಿನಾಕಾರದ ಜೀವಿ

ಬಸುರಿಯಿರುವ ಮನೆಯಲ್ಲಿ ಬೆಕ್ಕು ಇರಕೂಡದೆಂಬ ಮಾತನ್ನು ಓದುಗರು ಕೇಳಿರಬಹುದು. ಅದರಲ್ಲಿ ಅರ್ಧ ನಿಜವುಂಟು. ಆ ಅರ್ಧವನ್ನು ಬೇರ್ಪಡಿಸಲು ವಿಜ್ಞಾನಕ್ಕೆ ಅರವತ್ತು ವರ್ಷಗಳೇ ಹಿಡಿದುವು.

1908ರಲ್ಲಿ ಟ್ಯೂನಿಸ್ ನಗರದ ಪಾಸ್ಚರ್ ಸಂಸ್ಥೆಯಲ್ಲಿ ನಿಕೋಲ್ ಮತ್ತು ಮಾನ್ಸೋ ಎಂಬವರು ಇಲಿಯ ಜಾತಿಯದೊಂದು ಪ್ರಾಣಿಯಲ್ಲಿ ಸೂಕ್ಷ್ಮಜೀವಿಯೊಂದನ್ನು ಕಂಡರು. ಬಿಲ್ಲಿನಂತೆ ಬಾಗಿದ್ದ ಅದಕ್ಕೆ ಬಿಲ್ಲೆಂಬ ಅರ್ಥದ ಗ್ರೀಕ್ ಪದದಿಂದ ಟಾಕ್ಸೊಪ್ಲಾಸ್ಮ ಎಂಬ ಹೆಸರಾಯಿತು. ಅದು ತಾಯಿಯ ಗರ್ಭದಲ್ಲೇ ಶಿಶುವಿಗೆ ತಗಲುವುದೆಂಬುದು ಸ್ಥಿರಪಟ್ಟದ್ದು 1939ರಲ್ಲಿ, ನ್ಯೂಯಾರ್ಕಿನಲ್ಲಿ. ತಾಯಿಗೆ ಜ್ವರದ ಸುಳಿವೂ ಇಲ್ಲದೆ ಮಗುವಿನ ಕಣ್ಣು, ಮೆದುಳು ಕೆಡಬಹುದು. ಈ ರೋಗದ ಕ್ರೌರ್ಯವೇ ಅದು. ಬಸುರಿನ ಕಾಲದಲ್ಲಿ ಮೊದಲ ಬಾರಿಗೆ ಸೋಂಕು ತಗಲಿದರೆ ಭಯ. ಹಿಂದೆಯೇ ತಗಲಿ ಹೋಗಿದ್ದರೆ ಸಾಮಾನ್ಯವಾಗಿ ಶಿಶುವಿಗೆ ತೊಂದರೆಯಿಲ್ಲ.

ಆದರೆ ಬರುವುದು ಎಲ್ಲಿಂದ? 1965ರಲ್ಲಿ ಪ್ಯಾರಿಸಿನ ಡೆಮಾಂಟ್ಸ್ ಅರೆಬೆಂದ ಮಾಂಸದತ್ತ ಬೆರಳು ತೋರಿದರು. ಅದೇ ವರ್ಷ ಗ್ಲಾಸ್ಗೋದ ಹಚಿಸನ್ ಬೆಕ್ಕಿನ ಮಲದತ್ತ ತೋರಿದರು. ಇಬ್ಬರೂ ಸರಿ. ಆದರೆ ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ ರೋಗ ಬರುವುದು ಅಪರೂಪ. ಅದರ ಮಲ ಒಂದು ದಿನವಾದರೂ ಬಿದ್ದಿರಬೇಕು. ಆದ್ದರಿಂದ ದಿನವೂ ಬಳಿದೆಸೆಯಬೇಕು, ಆ ಕೆಲಸ ಬಸುರಿಯದಾಗಬಾರದು. ಬೆಕ್ಕನ್ನು ಓಡಿಸಿ, ಕೈತೋಟದ ಮಣ್ಣು ಮೆತ್ತಿದ ಸೊಪ್ಪನ್ನು ತೊಳೆಯದೆ ತಿಂದರೆ ಏನು ಫಲ?

ಮಣ್ಣಿನಲ್ಲಿ ಆ ಬೀಜಕೋಶಗಳು ತಿಂಗಳುಗಟ್ಟಲೆ ಬದುಕಬಲ್ಲವು. ಮಳೆ ಅವನ್ನು ಹೊಳೆಗೆ ಒಯ್ಯುತ್ತದೆ. ಕೆನಡಾದ ವಿಕ್ಟೋರಿಯಾ ನಗರದಲ್ಲಿ 1995ರಲ್ಲಿ ರೋಗ ಹಬ್ಬಿದಾಗ ಸಂಶಯ ಬಿದ್ದದ್ದು ನಲ್ಲಿಯ ನೀರಿನ ಮೇಲೆಯೇ. ನಮ್ಮ ಅಘನಾಶಿನಿ ಹೆಸರಿಗೆ ಪಾಪ ತೊಳೆಯುವವಳು. ದಡದ ಕೊಳೆಯನ್ನೂ ಅವಳೇ ಹೊರಬೇಕು. ಕುಮಟಾ ತಾಲೂಕಿನ ಅವಳ ಅಳಿವೆಯಲ್ಲಿ, ನೀರಿಳಿದಾಗ ಹೆಂಗಸರು ಹೆಕ್ಕುವ ಬೆಳಚು ನೀರನ್ನು ಸೋಸಿ ಉಣ್ಣುವ ಪ್ರಾಣಿ. ನೀರಿನಲ್ಲಿದ್ದುದು ಅದರ ಹೊಟ್ಟೆ ಸೇರುತ್ತದೆ. ಹಸಿ ಚಿಪ್ಪುಜೀವಿಗಳನ್ನು ತಿನ್ನುವುದು ಈ ಸೋಂಕಿಗೆ ದಾರಿಯೆಂದು 2009ರ ಅಮೆರಿಕದ ಅಧ್ಯಯನವೊಂದು ಕಂಡಿತು. ಚೆನ್ನಾಗಿ ಬೆಂದ ಬೆಳಚಿನ ಪಲ್ಯಕ್ಕೆ ಈ ಆಪಾದನೆ ತಟ್ಟದು. ಒಲೆಯ ಬಿಸಿಗೆ ಜೀವಿ ಸಾಯುತ್ತದೆ.

ಎಚ್.ಐ.ವಿ. ಸೋಂಕಿನವರ ಕಥೆ ಬೇರೆ. ಭಾರತದಲ್ಲಿ ಆ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ, ಡಾಕ್ಟರ್ ಸುನೀತಿ ಸೊಲೊಮನ್ ಅವರ ಪ್ರಯತ್ನದಿಂದ. ಇವರಲ್ಲಿ ಬಹುಮಟ್ಟಿಗೆ ಹೊಸ ಬೆಕ್ಕಿನ ದೋಷವಿಲ್ಲ. ಎಂದೋ ಒಳಹೊಕ್ಕು ಮಲಗಿದ್ದ ಜೀವಿಯೇ, ರಕ್ತದ ಸಿ.ಡಿ.4 ಕಣಗಳು ನೂರಕ್ಕಿಂತ ಕೆಳಗಿಳಿದಾಗ, ಮೆದುಳಿನಲ್ಲಿ ಎಚ್ಚೆತ್ತುಕೊಳ್ಳುತ್ತದೆ. ಕೋಟ್ರೈಮೊಕ್ಸಜೋಲ್ ಎಂಬ ಅಗ್ಗದ ಗುಳಿಗೆ ಅದನ್ನು ತಡೆಯಬಲ್ಲದು. ಎಚ್.ಐ.ವಿ.ಯ ಔಷಧಿಯೂ 2004ರಿಂದ ಸರಕಾರದ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯತೊಡಗಿತು.