ಕಿವಿಯ ಪಂದ್ಯಕ್ಕೆ ಯಂತ್ರ ಬಂದಾಗ

ತಂತಿ ಆಫೀಸಿನ ಟಕಟಕ ಸದ್ದು ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಹಿರಿಯರಿಗೆ ನೆನಪಿರಬಹುದು. 2013ರ ಜುಲೈಯಲ್ಲಿ ದೇಶದ ತಂತಿ ಸೇವೆಯೇ ನಿಂತಿತು. ಆದರೆ ಮೋರ್ಸ್ ಸಂಕೇತ ನಿಂತಿಲ್ಲ. ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ಅದನ್ನು ಇಂದಿಗೂ ಬಳಸುತ್ತಾರೆ. ಬರೀ ಬಳಸುವುದಲ್ಲ, ಅದರಲ್ಲಿ ಪಂದ್ಯ ಕಟ್ಟುತ್ತಾರೆ!

ಇಂಥ ಪಂದ್ಯಗಳಲ್ಲಿ ದೊಡ್ಡದು 1948ರಲ್ಲಿ ಶುರುವಾದ ಸಿಕ್ಯೂ ವರ್ಲ್ಡ್ ವೈಡ್. ಮೋರ್ಸ್ ಸುತ್ತು ನವೆಂಬರ್‌ನ ಕೊನೆಯ ಪೂರ್ಣ ವಾರಾಂತ್ಯದಲ್ಲಿ, 48 ಗಂಟೆ ನಡೆಯುತ್ತದೆ. ಹೊಸ ದೇಶ, ಹೊಸ ವಲಯ ಸಿಕ್ಕಷ್ಟೂ ಅಂಕ ಗುಣಿಸುತ್ತಾ ಹೋಗುತ್ತದೆ. ಹಾಗಾಗಿ ದೂರದ ಸಣ್ಣ ದನಿಯನ್ನು ಗದ್ದಲದೊಳಗಿಂದ ಹೆಕ್ಕುವ ಕಿವಿಗೇ ಬೆಲೆ. 1980ರ ದಶಕದ ಕೊನೆಗೆ, ಯಾರು ಯಾವ ಆವರ್ತನದಲ್ಲಿ ಸಿಗುತ್ತಾರೆಂದು ಹ್ಯಾಮ್‌ಗಳು ಕಂಪ್ಯೂಟರ್ ಜಾಲದಲ್ಲಿ ಒಬ್ಬರಿಗೊಬ್ಬರು ತಿಳಿಸತೊಡಗಿದರು. ಆಗಲೂ ಮೊದಲು ಕೇಳಿದ್ದು ಮನುಷ್ಯನ ಕಿವಿಯೇ.

2008ರಲ್ಲಿ ಕೆನಡಾದ ಅಲೆಕ್ಸ್ ಶೊವ್‌ಕೊಪ್ಲಿಯಾಸ್ ಸಿಡಬ್ಲ್ಯೂ ಸ್ಕಿಮ್ಮರ್ ಎಂಬ ತಂತ್ರಾಂಶ ಹೊರತಂದರು. ಒಳ್ಳೆಯ ಕಂಪ್ಯೂಟರಿನಲ್ಲಿ ಅದು ಏಕಕಾಲಕ್ಕೆ 700 ಮೋರ್ಸ್ ಸಂಕೇತಗಳನ್ನು ಓದಬಲ್ಲದು! ಅದೇ ವರ್ಷ ಇಂಥ ಯಂತ್ರಗಳನ್ನು ಇಂಟರ್ನೆಟ್‌ನಲ್ಲಿ ಹೆಣೆದು ರಿವರ್ಸ್ ಬೀಕನ್ ನೆಟ್‌ವರ್ಕ್ ಹುಟ್ಟಿತು.

ಹ್ಯಾಮ್‌ಗಳಲ್ಲಿ ದೊಡ್ಡ ಜಗಳವೇ ಎದ್ದಿತು. ಮಗ್ಗಿ ಒಪ್ಪಿಸುವ ಹುಡುಗನ ಕೈಗೆ ಕ್ಯಾಲ್ಕುಲೇಟರ್ ಕೊಟ್ಟಂತಲ್ಲವೇ ಇದು? ಪಂದ್ಯ ನಡೆಸುವವರು ಯಂತ್ರವನ್ನು ಓಡಿಸಲಿಲ್ಲ, ಪಂಕ್ತಿ ಬೇರೆ ಮಾಡಿದರು. ನೆರವು ಪಡೆದವರದು ಒಂದು ವಿಭಾಗ, ಕಿವಿಯನ್ನೇ ನೆಚ್ಚಿದವರದು ಇನ್ನೊಂದು. ನನಗಂತೂ ಇದು ನ್ಯಾಯವೆನಿಸುತ್ತದೆ.

ಕಿವಿ ಮಂಕಾಗುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಆದರೆ ಸಣ್ಣ ಊರಿನ ಕಡೆಯಿಂದಲೂ ನೋಡಿ. ಮನೆಯ ಮೇಲೊಂದು ತಂತಿ ಕಟ್ಟಿ, ಕೆಲವೇ ವ್ಯಾಟ್‌ನಲ್ಲಿ ಕರೆ ಕೊಟ್ಟವನ ದನಿ ಯಾರಿಗಾದರೂ ಮುಟ್ಟಿತೋ ಇಲ್ಲವೋ ಎಂದು ತಿಳಿಯಲು ಮೊದಲು ಯಾರಾದರೂ ಉತ್ತರಿಸಬೇಕಿತ್ತು. ಈಗ ಯುರೋಪಿನ ಯಂತ್ರವೊಂದು ಕೇಳಿಸಿಕೊಂಡರೆ ನಿಮಿಷದೊಳಗೆ ಅವನ ಗುರುತು, ವೇಗ, ದನಿಯ ಬಲ ಎಲ್ಲ ತೆರೆಯ ಮೇಲೆ. ಹೆಸರಾಂತ ನಿಲ್ದಾಣ, ಹೊಸಬ ಎಂಬ ಭೇದ ಅದಕ್ಕಿಲ್ಲ. ನೋಡಿದವರು ಹುಡುಕಿಕೊಂಡು ಬರುತ್ತಾರೆ, ಏಕೆಂದರೆ ಅವರಿಗೆ ಭಾರತ ಬೇಕು.

ಅಂದಹಾಗೆ, ಆ ಪಂದ್ಯದ ನಕ್ಷೆಯಲ್ಲಿ ಬೆಂಗಳೂರು, ಹಿಂದೂಪುರ ಎರಡೂ 22ನೇ ವಲಯ. ಗಡಿ ಗಲಾಟೆಯೇ ಇಲ್ಲ!

ಪ್ರಸಾರಕ್ಕೆ ಲೈಸೆನ್ಸ್ ಬೇಕು, ಈ ಜಾಲವನ್ನು ನೋಡಲು ಬೇಡ. ಶಾಲೆಯ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಇದ್ದರೆ, ನವೆಂಬರ್‌ನ ಕೊನೆಯ ಪೂರ್ಣ ವಾರಾಂತ್ಯದ ಶನಿವಾರ ಮಕ್ಕಳಿಗೆ ತೆರೆದು ತೋರಿಸಿ. ವಿಯು ಎಂದು ಶುರುವಾಗುವ ಗುರುತುಗಳೆಲ್ಲ ನಮ್ಮ ದೇಶದವು.